ನಾಲ್ಕು ಗಂಟೆ ಮೇಲಿನ ಕಾಲೇಜು

ಮಂಡ್ಯ, ಮೈಸೂರು ಕಡೆಯ ಯಾವ ಡಿಗ್ರಿ ಕಾಲೇಜಿಗೆ ಹೋದರೂ ಒಂದೇ ಕಾಂಪೌಂಡಿನೊಳಗೆ ಎರಡು ಕಾಲೇಜು ನಡೆಯುತ್ತಿರುತ್ತವೆ. ಒಂದು ಬೆಳಿಗ್ಗೆ ಬೆಲ್ ಹೊಡೆದಾಗ ಶುರುವಾಗಿ ಸಂಜೆ ನಾಲ್ಕಕ್ಕೆ ಮುಗಿಯುವುದು. ಹಾಜರಾತಿ, ನೋಟ್ಸು, ಇಂಟರ್ನಲ್ಸು ಎಲ್ಲ ಅದರ ಪಾಲು. ಇನ್ನೊಂದು ನಾಲ್ಕರ ಮೇಲೆ ಕಣ್ಣು ಬಿಡುವುದು. ನಾಟಕದ ರಿಹರ್ಸಲ್, ವಾಲಿಬಾಲ್ ಕೋರ್ಟಿನ ಕೂಗಾಟ, ಕಾಲೇಜ್ ಡೇಗೆ ಡ್ಯಾನ್ಸು, ಚರ್ಚಾ ಸ್ಪರ್ಧೆಗೆ ತಯಾರಿ, ಕ್ಯಾಂಟೀನಿನಲ್ಲಿ ಅರ್ಧರ್ಧ ಟೀ. ಹತ್ತು ವರ್ಷ ಬಿಟ್ಟು ಸಿಕ್ಕ ಗೆಳೆಯರು "ಕಾಲೇಜು ಅಂದ್ರೆ ಅದು" ಎಂದು ಮಾತಾಡುವುದೆಲ್ಲ ಈ ಎರಡನೆಯದರ ಬಗ್ಗೆ. ಊರಿಂದ ಬಸ್ಸಿಗೋ ರೈಲಿಗೋ ಬರುವ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಜನ ಮೂರು ವರ್ಷ ಮುಗಿಸಿದರೂ ಅದನ್ನು ನೋಡಿರುವುದಿಲ್ಲ. ಅದು ಶುರುವಾಗುವ ಹೊತ್ತಿಗೆ ಅವರು ಬ್ಯಾಗು ಎದೆಗವಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡುತ್ತಿರುತ್ತಾರೆ.

ನಾನೂ ಹಾಗೆ ಓಡುತ್ತಿದ್ದವಳು. ನಮ್ಮೂರು ಯಲಿಯೂರು ಸ್ಟೇಷನ್ನಿಗೆ ಹತ್ತಿರ. ಕಾಲೇಜು ಮೈಸೂರಿನಲ್ಲಿ. ಪ್ಯಾಸೆಂಜರ್ ರೈಲಿನಲ್ಲಿ ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ದಾಟಿ ಮೈಸೂರು. ಆಗ ಸಿಂಗಲ್ ಲೈನು. ಎದುರಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ ಅಂದರೆ ನಮ್ಮ ಗಾಡಿಯನ್ನು ಪಾಂಡವಪುರದಲ್ಲೋ ಪಟ್ಟಣದಲ್ಲೋ ಕ್ರಾಸಿಂಗಿಗೆ ನಿಲ್ಲಿಸಿಬಿಡುತ್ತಿದ್ದರು. ನಿಂತರೆ ನಿಂತಿತು. ಕಡಲೆಕಾಯಿ ಮಾರುವವನು ಎರಡು ಸುತ್ತು ಹಾಕಿ ಮುಗಿಸುತ್ತಿದ್ದ, ನಾವು ಮೊದಲ ಪೀರಿಯಡ್ಡಿನ ಆಸೆ ಬಿಟ್ಟು ಕೂರುತ್ತಿದ್ದೆವು. ಆಮೇಲೆ ಜೋಡಿ ಹಳಿ ಹಾಕಲು 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದುಗುಂಡಿನ ಮನೆಯನ್ನೇ ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟರು. ಆ ಸುದ್ದಿ ಪೇಪರಿನಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಇತಿಹಾಸವಲ್ಲ, ತಪ್ಪಿಹೋದ ಫಸ್ಟ್ ಪೀರಿಯಡ್ಡುಗಳು.

ಮೊದಲ ವರ್ಷ ಕಾಲೇಜಿನಲ್ಲಿ ನನಗೆ ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಹಳ್ಳಿಯಿಂದ ಬಂದವರ ಕಥೆ ಅಂದ ತಕ್ಷಣ ಜನ ಅವಮಾನದ ಪ್ರಸಂಗವೊಂದನ್ನು ಕಾಯುತ್ತಾರೆ. ಅಂಥದ್ದೇನೂ ಇಲ್ಲ. ನಾನು ಬಂದರೂ ಬಾರದಿದ್ದರೂ ಅಲ್ಲಿ ಏನೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ, ಅಷ್ಟೇ. ಅಟೆಂಡೆನ್ಸ್ ಕೂಗುವಾಗ ನನ್ನ ನಂಬರಿಗೆ ಒಂದು ದಿನ ಉತ್ತರ ಬರದಿದ್ದರೆ ಮುಂದಿನ ನಂಬರು ಕೂಗುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಸರಸ್ವತಿಪುರಂ, ಕುವೆಂಪುನಗರದ ಹುಡುಗಿಯರು "ಬಾ" ಅಂತ ಕರೆಯುತ್ತಿದ್ದರು, ನಾನು ಹೋಗಿ ಕೂರುತ್ತಿದ್ದೆ. ಅವರ ಮಾತು ಹಿಂದಿನ ದಿನ ಸಂಜೆಯದ್ದು. ರಿಹರ್ಸಲ್ಲಿನಲ್ಲಿ ಯಾರು ಸ್ಟೆಪ್ ಮರೆತರು, ಯಾರು ಯಾರ ಮೇಲೆ ಮುನಿಸಿಕೊಂಡರು. ಆ ಸಂಜೆ ನಾನು ರೈಲಿನಲ್ಲಿದ್ದೆ. ಹೀಗಾಗಿ ಮಾರನೇ ದಿನದ ಮಾತಿನಲ್ಲೂ ಇರುತ್ತಿರಲಿಲ್ಲ.

ಮೈಸೂರಿನಲ್ಲಿ ದಸರಾ ಹತ್ತಿರ ಬಂದರೆ ಈ ಎರಡನೇ ಕಾಲೇಜಿಗೆ ಹುಚ್ಚು ಹಿಡಿಯುತ್ತದೆ. ಈಗ ಯುವ ಸಂಭ್ರಮಕ್ಕೆ ರಾಜ್ಯದ ನಾನಾ ಕಡೆಯ ಕಾಲೇಜುಗಳು ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕುಣಿಯುತ್ತವೆ. ಆ ಕೆಲವು ನಿಮಿಷಕ್ಕಾಗಿ ತಿಂಗಳುಗಟ್ಟಲೆ ತಯಾರಿ. ಈಗ ನಾನು ಪಾಠ ಮಾಡುವ ಕಾಲೇಜಿನ ತಂಡವನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಸ್ಟೇಜಿಗಿಂತ ಹೆಚ್ಚಾಗಿ ಪಕ್ಕದಲ್ಲಿ ನೀರಿನ ಬಾಟಲಿ, ಸೇಫ್ಟಿ ಪಿನ್ನು ಹಿಡಿದು ನಿಂತ ಮಕ್ಕಳನ್ನೇ ನೋಡುತ್ತೇನೆ. ಕುಣಿಯುವವರ ಮುಖದಲ್ಲಿ ಭಯ ಇರುತ್ತದೆ. ಇವರ ಮುಖದಲ್ಲಿ ಯಜಮಾನಿಕೆ.

ನನಗೆ ಒಳಬಾಗಿಲು ಸಿಕ್ಕಿದ್ದು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಮೂಲಕ. ಸೇವಾ ಮನೋಭಾವ ಉಕ್ಕಿ ಹರಿದು ಸೇರಿದ್ದೇನಲ್ಲ. ನಮ್ಮ ಎನ್‌ಎಸ್‌ಎಸ್ ಅಧಿಕಾರಿಯಾಗಿದ್ದ ಮೇಷ್ಟ್ರು ಸ್ವತಃ ನಂಜನಗೂಡಿನ ಕಡೆಯಿಂದ ಓಡಾಡುತ್ತಿದ್ದವರು. ಹಾಗಾಗಿ ಎಲ್ಲ ಕೆಲಸವನ್ನೂ ಶನಿವಾರ ಅರ್ಧ ದಿನದ ಕಾಲೇಜು ಮುಗಿದ ಮೇಲೆ ಇಡುತ್ತಿದ್ದರು, ಮಧ್ಯಾಹ್ನ ಮೂರೂವರೆಗೆ ಕೈಬಿಡುತ್ತಿದ್ದರು. ನನ್ನ ಗಾಡಿ ತಪ್ಪುತ್ತಿರಲಿಲ್ಲ. ಅವರು ನನಗೆ ಮಾಡಿದ ಅತಿ ದೊಡ್ಡ ಉಪಕಾರ ಅದೇ, ಭಾಷಣಗಳಲ್ಲ.

ಭಾಷಣವನ್ನೂ ಮಾಡುತ್ತಿದ್ದರು ಅನ್ನಿ. ಗಾಂಧಿ ಹುಟ್ಟಿ ನೂರು ವರ್ಷವಾದ ಸಂದರ್ಭದಲ್ಲಿ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಎನ್‌ಎಸ್‌ಎಸ್ ಶುರುವಾಯಿತು ಎನ್ನುವುದು, ಬ್ಯಾಡ್ಜಿನ ಮೇಲಿರುವುದು ಕೋನಾರ್ಕ್ ಸೂರ್ಯ ದೇವಾಲಯದ ರಥದ ಚಕ್ರ, ಅದರ ಎಂಟು ಅರಗಳು ದಿನದ ಇಪ್ಪತ್ತನಾಲ್ಕು ಗಂಟೆ ಎನ್ನುವುದು, ಎಲ್ಲ ಅವರ ಬಾಯಲ್ಲೇ ಕೇಳಿದ್ದು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಅದರ ಜೊತೆಗೆ ಏಳು ದಿನದ ವಿಶೇಷ ಶಿಬಿರ. ಈ 240ರ ಲೆಕ್ಕ ಕೇಳಿ ನಮ್ಮಪ್ಪ, "ಇಷ್ಟೊತ್ತು ಗದ್ದೇಲಿ ಕಳೆ ಕಿತ್ತಿದ್ರೆ ಕೂಲಿ ಆಳಿನ ದುಡ್ಡಾರ ಉಳೀತಿತ್ತು" ಅಂದಿದ್ದರು.

ಶಿಬಿರಕ್ಕೆ ಕಳಿಸಲು ಅವರನ್ನು ಒಪ್ಪಿಸುವುದು ಇನ್ನೂ ದೊಡ್ಡ ಕಥೆ. ಹೆಣ್ಣು ಹುಡುಗಿ ಏಳು ರಾತ್ರಿ ಬೇರೆ ಊರಿನಲ್ಲಿ ಎನ್ನುವುದು ಅಮ್ಮನ ಚಿಂತೆ. ಅಪ್ಪನದ್ದು ಬೇರೆ ತಕರಾರು. "ನಮ್ಮೂರಲ್ಲೇ ಚರಂಡಿ ಗಬ್ಬೆದ್ದು ಕುಂತದೆ, ಅದ ಬುಟ್ಟು ಇನ್ನೊಂದೂರ ಚರಂಡಿ ಎತ್ತಕ್ಕೆ ಓಯ್ತೀಯಾ?" ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಮೇಷ್ಟ್ರು ಊರಿಗೇ ಬಂದು, ಜಗಲಿ ಮೇಲೆ ಕೂತು, ಮಜ್ಜಿಗೆ ಕುಡಿದು, ಕಬ್ಬಿನ ರೇಟು, ನಾಲೆ ನೀರು ಬಿಡುವ ದಿನ, ಕಾರ್ಖಾನೆಯ ಬಾಕಿ ಎಲ್ಲ ಮಾತಾಡಿ ಎದ್ದು ಹೊರಡುವಾಗ "ಹುಡುಗೀನ ಕಳಿಸಿಕೊಡಿ ಗೌಡ್ರೇ" ಅಂದರು. ಅಪ್ಪ ಹೂಂ ಅಂದರು. ಶಿಬಿರದ ವಿಷಯ ಆ ಒಂದು ಸಾಲಿನಲ್ಲಿ ಮುಗಿದಿತ್ತು. ಒಬ್ಬರನ್ನು ಒಪ್ಪಿಸುವುದು ಹೇಗೆ ಎಂಬ ಪಾಠ ನನಗೆ ಶಿಬಿರಕ್ಕೆ ಹೋಗುವ ಮೊದಲೇ ಆಯಿತು. ಈಗ ನಾನೂ ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿಯುತ್ತೇನೆ.

ಶಿಬಿರ ನಡೆದದ್ದು ಪಾಂಡವಪುರ ತಾಲ್ಲೂಕಿನ ಒಂದು ಊರಲ್ಲಿ, ಶಾಲೆಯ ಕಟ್ಟಡದಲ್ಲಿ. ಎನ್‌ಎಸ್‌ಎಸ್ ಶಿಬಿರದ ದಿನಚರಿ ಗೊತ್ತಿರುವವರಿಗೆ ಹೊಸದೇನಿಲ್ಲ: ಬೆಳಿಗ್ಗೆ ಪ್ರಭಾತಫೇರಿ, ಧ್ವಜಾರೋಹಣ, ತಿಂಡಿ, ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಮಂಡ್ಯ ಜಿಲ್ಲೆಯ ಶಿಬಿರವಾದರೆ ಧ್ವಜ ಹಾರಿಸಿದ ಅತಿಥಿಗಳು ಮಾತಿನಲ್ಲಿ ಒಂದು ಸಲ ಮದ್ದೂರಿನ ಶಿವಪುರಕ್ಕೆ ಹೋಗಿಯೇ ಬರುತ್ತಾರೆ. 1938ರ ಏಪ್ರಿಲ್‌ನಲ್ಲಿ ನಿಷೇಧವನ್ನು ಮೀರಿ ಅಲ್ಲಿ ಧ್ವಜ ಏರಿಸಿದ್ದು, ನಮ್ಮ ಜಿಲ್ಲೆ ಹುಟ್ಟುವುದಕ್ಕೂ ಒಂದು ವರ್ಷ ಮುಂಚೆ. ಚಳಿಯಲ್ಲಿ ಸಾಲಾಗಿ ನಿಂತು ಕೇಳುವಾಗ ಎಲ್ಲರಿಗೂ ಹೊಟ್ಟೆ ಹಸಿವು. ಆದರೂ ಎರಡನೇ ದಿನ ಅತಿಥಿಗಳು ಶಿವಪುರ ಬಿಟ್ಟುಬಿಟ್ಟಾಗ ನಮ್ಮಲ್ಲೊಬ್ಬ "ಸರ್, ಶಿವಪುರ?" ಎಂದು ಕೂಗಿದ.

ನನ್ನ ಶಿಬಿರ ನಿಜವಾಗಿ ಶುರುವಾದದ್ದು ಒಲೆಯ ಮುಂದೆ.

ಸರ್ಕಾರ ಶಿಬಿರಕ್ಕೆ ಕೊಡುವ ದುಡ್ಡಿನಲ್ಲಿ ಐವತ್ತು ಹೊಟ್ಟೆ ತುಂಬುವುದು ಕಷ್ಟ. ಊರಿನವರೇ ರಾಗಿ, ತೆಂಗಿನಕಾಯಿ, ಸೊಪ್ಪು, ಅವರೆಕಾಯಿ, ಸೌದೆ ತಂದು ಹಾಕುತ್ತಾರೆ. ರಾಗಿಹಿಟ್ಟು ಮೂಟೆಯಲ್ಲಿ ಬಂದು ಕೂತಿತು. ಆ ದಿನದ ಅಡುಗೆ ತಂಡದಲ್ಲಿ ಇದ್ದವರೆಲ್ಲ ಮೈಸೂರು ಪೇಟೆಯ ಮಕ್ಕಳು. ತಂಡದಲ್ಲಿ ಹುಡುಗರೂ ಸಮಸಮ ಇರಬೇಕು, ಹುಡುಗಿಯರನ್ನು ಒಲೆಗೆ ಕಟ್ಟಿ ಹುಡುಗರು ಗುದ್ದಲಿ ಹಿಡಿದು ಫೋಟೋಗೆ ನಿಲ್ಲುವ ಶಿಬಿರ ನನ್ನದಲ್ಲ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಒಬ್ಬ ಹುಡುಗ ತಣ್ಣೀರಿಗೆ ಹಿಟ್ಟು ಸುರಿಯಲು ಮೂಟೆ ಬಗ್ಗಿಸುತ್ತಿದ್ದ. ನಾನು ಇನ್ನೊಂದು ತಂಡದವಳು, ಪೊರಕೆ ಹಿಡಿದು ಹೊರಟಿದ್ದೆ. ಬಾಯಿ ತಡೆಯಲಿಲ್ಲ. "ಏಯ್, ಎಸರು ಕುದೀಲಿ ತಡಿ" ಎಂದು ಕೂಗಿಬಿಟ್ಟೆ. ಕಾಲೇಜಿಗೆ ಸೇರಿದ ಮೇಲೆ ನಾನು ಅಷ್ಟು ಜೋರಾಗಿ ಆಡಿದ ಮೊದಲ ಮಾತು ಬಹುಶಃ ಅದೇ.

ಆಮೇಲೆ ಪೊರಕೆ ಯಾರ ಕೈಗೆ ಹೋಯಿತೋ, ನಾನು ಒಲೆ ಮುಂದೆ ನಿಂತಿದ್ದೆ. ಅಷ್ಟು ಜನಕ್ಕೆ ಹಿಟ್ಟು, ಅಂದರೆ ರಾಗಿಮುದ್ದೆ, ಒಂದೇ ಪಾತ್ರೆಯಲ್ಲಿ ಆಗುವುದಿಲ್ಲ, ಸರದಿಯಲ್ಲಿ ಮಾಡಬೇಕು. ಎಸರು ತಳಮಳ ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ತಕ್ಷಣ ಕಲಕಬಾರದು. ಗುಡ್ಡೆಯ ನಡುವೆ ಕೋಲು ಊರಿ ಬಿಟ್ಟರೆ ಆ ತೂತಿನಿಂದ ನೀರು ಉಕ್ಕುಕ್ಕಿ ಬಂದು ಹಿಟ್ಟು ಒಳಗೊಳಗೇ ಬೇಯುತ್ತದೆ. ಪೇಟೆಯ ಮಕ್ಕಳಿಗೆ ಈ ಕಾಯುವ ಹೊತ್ತೇ ಕಷ್ಟ. "ತಿರುವೋಣ್ವಾ, ತಿರುವೋಣ್ವಾ" ಅಂತ ಹಿಂದೆ ಬಿದ್ದರು. ಬೆಂದ ವಾಸನೆ ಬಂದ ಮೇಲೆ ಪಾತ್ರೆ ಇಳಿಸಿ, ಅಲುಗಾಡದ ಹಾಗೆ ಕವೆಗೋಲು ಕೊಟ್ಟು, ಅದರ ಎರಡು ತುದಿಯನ್ನು ಇಬ್ಬರು ಹುಡುಗರು ಕಾಲಿನಿಂದ ಒತ್ತಿ ಹಿಡಿದರು. ಕೋಲಿನಿಂದ ತಿರುವುವುದು ತೋಳಿನ ಕೆಲಸವಲ್ಲ, ಸೊಂಟದ ಕೆಲಸ. ನಮ್ಮಮ್ಮ ಮಾಡುವುದನ್ನು ನೋಡಿ ನೋಡಿ ನನಗೆ ಬಂದಿತ್ತು. ಗಂಟು ಉಳಿಯಬಾರದು, ಕೊನೆಗೆ ನೀರಿನಲ್ಲಿ ಅದ್ದಿದ ಬೆರಳಿನಿಂದ ಮುಟ್ಟಿದರೆ ಅಂಟಬಾರದು. ಅಂಟಲಿಲ್ಲ. ಒದ್ದೆ ಹಲಗೆ ಮೇಲೆ ಬಿಸಿಬಿಸಿ ಹಿಟ್ಟನ್ನು ಉಂಡೆ ಕಟ್ಟುವಾಗ ಜಯಲಕ್ಷ್ಮೀಪುರಂನ ಒಬ್ಬಳು ಕೈ ಸುಟ್ಟುಕೊಂಡು ಕುಣಿದಾಡಿದಳು. ಆಮೇಲೆ ತಾನೇ ಮುಂದೆ ನಿಂತು ಒಂದು ಉಂಡೆ ಕಟ್ಟಿದಳು. ಅದು ಉಂಡೆಯ ಆಕಾರದಲ್ಲಿ ಇರಲಿಲ್ಲ. ಅದನ್ನು ಮೇಷ್ಟ್ರ ತಟ್ಟೆಗೇ ಹಾಕಿದೆವು.

ಅವತ್ತಿನ ಉಪ್ಪುಸಾರು, ಖಾರ, ಹಿಟ್ಟು ಊಟ ಮಾಡಿದ ಮೇಲೆ ನನಗೊಂದು ಕೆಲಸ ಖಾಯಂ ಆಯಿತು. ಯಾವ ತಂಡದ ಸರದಿ ಇರಲಿ, ಹಿಟ್ಟಿನ ಹೊತ್ತಿಗೆ "ಅವಳೆಲ್ಲಿ" ಎಂದು ಹುಡುಕಿಕೊಂಡು ಬರುವವರು. ಕಾಲೇಜಿನಲ್ಲಿ ನಾನು ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದ ಸಂಗತಿಗಳಿವು: ಹಿಟ್ಟು, ಸೌದೆ ಒಲೆ, "ಬತ್ತೀನಿ, ಓಯ್ತೀನಿ" ಎನ್ನುವ ಮಾತು. ಅವಕ್ಕೇ ಅಲ್ಲಿ ಗಿರಾಕಿ ಹುಟ್ಟಿತ್ತು. ವ್ಯಕ್ತಿತ್ವ ವಿಕಸನದ ಉಪನ್ಯಾಸಗಳಲ್ಲಿ ಹೊಸ ಕೌಶಲ ಕಲಿಯಿರಿ, ಕಂಫರ್ಟ್ ಝೋನ್ ಬಿಟ್ಟು ಹೊರಬನ್ನಿ ಎನ್ನುತ್ತಾರೆ. ನನ್ನ ವಿಷಯದಲ್ಲಿ ಆದದ್ದು ತಿರುಗುಮುರುಗು. ನಾನು ಗಟ್ಟಿಯಾದದ್ದು ನನಗೆ ಮೊದಲೇ ಗೊತ್ತಿದ್ದ ಕೆಲಸವನ್ನು ನಾಲ್ಕು ಜನರ ಎದುರು ಮಾಡಿದ್ದರಿಂದ. ಹೊಸದು ಕಲಿಯುವ ಧೈರ್ಯ ಆಮೇಲೆ ಬಂತು.

ಮನೆ ಮನೆ ಸಮೀಕ್ಷೆಯಲ್ಲೂ ಅದೇ ಆಯಿತು. ಪ್ರಶ್ನಾವಳಿಯನ್ನು ಪುಸ್ತಕದ ಭಾಷೆಯಲ್ಲಿ ಛಾಪಿಸಿದ್ದರು. "ತಮ್ಮ ಕುಟುಂಬದ ವಾರ್ಷಿಕ ಆದಾಯವೆಷ್ಟು?" ಎಂದು ಓದಿದರೆ ಅಜ್ಜಿಯರು ಬಾಗಿಲ ಹಿಂದೆ ಸರಿಯುತ್ತಿದ್ದರು. "ಅಜ್ಜಿ, ಈ ಸಲ ಕಬ್ಬು ಎಷ್ಟು ಟನ್ನು ಕಡುದ್ರಿ?" ಅಂದರೆ ಕೂರಿಸಿ ಕಾಫಿ ಕೊಡುತ್ತಿದ್ದರು. ನಮ್ಮ ಗುಂಪಿನಲ್ಲಿ ಚಾಮರಾಜನಗರ ಕಡೆಯ ಒಬ್ಬ ಹುಡುಗನಿದ್ದ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವನು. ನಮ್ಮ ಊರುಗಳಲ್ಲಿ ಹೊಸಬರನ್ನು ಕಂಡರೆ ಬರುವ ಪ್ರಶ್ನೆ ಯಾವುದು ಎಂದು ಇಲ್ಲಿಯ ಓದುಗರಿಗೆ ಹೇಳಬೇಕಿಲ್ಲ. ಒಂದು ಮನೆಯ ಅಜ್ಜಿ ನೀರು ಕೊಡುವ ಮೊದಲು ಕೇಳಿಯೇ ಬಿಟ್ಟರು, "ನೀವು ಯಾವ ಜನ ಮಕ್ಳೇ?"

ನಾನು ನೆಲ ನೋಡಿದೆ. ಅವನು ನಗುತ್ತಾ, "ನಾವು ಎನ್‌ಎಸ್‌ಎಸ್ ಜನ ಕಣಜ್ಜಿ" ಅಂದ.

"ಅದ್ಯಾವ ಜನವೋ ಕಾಣೆ, ನಮ್ ಕಡೀಕೆ ಇಲ್ಲ" ಎಂದು ಅಜ್ಜಿ ಚೊಂಬು ಮುಂದೆ ಹಿಡಿದರು. ಅವನು ಕುಡಿದ, ನಾವೆಲ್ಲ ಕುಡಿದೆವು. ಹೊರಗೆ ಬಂದ ಮೇಲೆ ನಗು ತಡೆಯಲಾಗಲಿಲ್ಲ. ಮುಂದಿನ ಎರಡು ವರ್ಷ ಕಾಲೇಜಿನಲ್ಲಿ ಯಾರು ಏನು ಕೇಳಿದರೂ ನಮ್ಮ ಗುಂಪಿನ ಉತ್ತರ ಅದೇ. ಆದರೆ ಇದನ್ನು ಸಿಹಿ ಕಥೆ ಮಾಡಿ ಮುಗಿಸಲು ನನಗೆ ಮನಸ್ಸಿಲ್ಲ. ಆ ತಮಾಷೆಯ ಮಾತನ್ನು ತಕ್ಷಣ ಹುಟ್ಟಿಸಬೇಕಾದ ಪಾಡು ಅವನದ್ದೇ ಆಗಿತ್ತು, ನನ್ನದಲ್ಲ. ನನಗೆ ಆ ಪ್ರಶ್ನೆಯಿಂದ ಯಾವ ತೊಂದರೆಯೂ ಇರಲಿಲ್ಲ. ಶಿಬಿರ ಏಳು ದಿನದ್ದು, ಊರು ಊರಿನದ್ದು.

ಶ್ರಮದಾನದಲ್ಲಿ ನಾವು ತೋಡಿದ್ದು ಇಂಗುಗುಂಡಿಗಳು. ಬಚ್ಚಲ ನೀರು ಬೀದಿಗೆ ಹರಿಯದಂತೆ ಗುಂಡಿ ತೆಗೆದು, ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ ತುಂಬುವುದು. ನಾಲೆ ಬಯಲಿನ ಕಪ್ಪು ಮಣ್ಣಿದ್ದ ಕಡೆ ನೀರು ಇಂಗುವುದೇ ನಿಧಾನ, ಕೆಂಪು ಮಣ್ಣಿದ್ದ ಕಡೆ ಬೇಗ. ಇದು ಯಾರೂ ನಮಗೆ ಮೊದಲೇ ಹೇಳಲಿಲ್ಲ. ಊರಿನ ಒಬ್ಬ ಯಜಮಾನರು ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಾ ನಾವು ತಪ್ಪು ಜಾಗದಲ್ಲಿ ಅರ್ಧ ತೋಡುವವರೆಗೂ ನೋಡಿ, "ವಸಿ ಆ ಕಡೀಕೆ ತೋಡುದ್ರೆ ಸರೋಯ್ತಿತ್ತು" ಅಂದರು. ಅವರದ್ದೇ ಇನ್ನೊಂದು ಮಾತೂ ಉಂಟು. "ವರ್ಸಾ ವರ್ಸಾ ಯಾವ್ದಾರ ಕಾಲೇಜ್ನೋರು ಬತ್ತಾರೆ, ಚರಂಡಿ ಎತ್ತಿ ಫೋಟೋ ಹೊಡುಸ್ಕಂಡು ಓಯ್ತಾರೆ. ಪಂಚಾಯ್ತೀಲಿ ದುಡ್ಡು ಬಂದ್ರೆ ನಾವೇ ಎತ್ತಿಸ್ಕತೀವಿ ಬುಡಿ." ನ್ಯಾಯವಾದ ಮಾತು. ಎನ್‌ಎಸ್‌ಎಸ್ ಶಿಬಿರದಿಂದ ಊರಿಗಾಗುವ ಲಾಭಕ್ಕಿಂತ ಮಕ್ಕಳಿಗಾಗುವ ಲಾಭ ದೊಡ್ಡದು ಎಂದು ಈಗ ಅಧಿಕಾರಿಯಾಗಿ ಐದಾರು ಊರು ನೋಡಿದ ಮೇಲೆ ನನಗೆ ಗಟ್ಟಿಯಾಗಿದೆ. ಊರಿನವರು ರಾಗಿ, ಸೌದೆ, ಸಮಯ ಕೊಟ್ಟು ನಮ್ಮ ಮಕ್ಕಳನ್ನು ಬೆಳೆಸಿಕೊಡುತ್ತಾರೆ. ವರದಿಯಲ್ಲಿ ಮಾತ್ರ ಉಲ್ಟಾ ಬರೆಯುತ್ತೇವೆ.

ಎರಡನೇ ವರ್ಷ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ನಾಲ್ಕರ ಮೇಲಿನ ಕಾಲೇಜು ನನಗೂ ತೆರೆಯಿತು.

ಶಿಬಿರದ ಗೆಳೆಯರು ನಾಟಕದಲ್ಲಿದ್ದರು, ನಾನೂ ಹಿಂದೆ ಹೋದೆ. ಮೈಸೂರಿನಲ್ಲಿ ನಾಟಕದ ಗಾಳಿ ಹೇಗೂ ಬೀಸುತ್ತಿರುತ್ತದೆ. ಬಿ. ವಿ. ಕಾರಂತರು 1989ರಲ್ಲಿ ರಂಗಾಯಣ ಕಟ್ಟಿದ ಮೇಲೆ ಊರಿನ ಕಾಲೇಜು ಹುಡುಗರಿಗೆ ವೃತ್ತಿಪರ ನಟರ ಕೆಲಸ ಕೈಯಳತೆಯಲ್ಲಿ ಸಿಕ್ಕಿತು. ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕ ನೋಡಿ, ಕಲಾಮಂದಿರದಿಂದ ಕುಕ್ಕರಹಳ್ಳಿ ಕೆರೆ ಕಡೆ ನಡೆದುಕೊಂಡು ವಾದ ಮಾಡುವುದು, ಬಹುರೂಪಿ ನಾಟಕೋತ್ಸವ ಬಂದರೆ ಕ್ಲಾಸು ಮರೆಯುವುದು, ಇದೆಲ್ಲ ನಮ್ಮ ಸೀನಿಯರುಗಳಿಗೆ ಮಾಮೂಲಿ. ನನಗೆ ನಟನೆ ಬರಲಿಲ್ಲ. ಡೈಲಾಗಿನಲ್ಲಿ ಹಕಾರ ಎಲ್ಲಿ ಹೋಗಿ ಎಲ್ಲಿ ಬರುತ್ತದೋ ನನಗೇ ಗೊತ್ತಾಗುತ್ತಿರಲಿಲ್ಲ. ಬೆಳಕಿನ ಕೆಲಸಕ್ಕೆ ನಿಂತೆ.

ಲೈಟು ಬಾಡಿಗೆಗೆ ಕೊಡುವ ವಯಸ್ಸಾದ ಒಬ್ಬರು ಲಗೇಜ್ ಆಟೋದಲ್ಲಿ ಸ್ಪಾಟು, ಸ್ಟ್ಯಾಂಡು, ಬೆಳಕು ಏರಿಸಿ ಇಳಿಸುವ ಡಿಮ್ಮರು, ವೈರಿನ ಸುರುಳಿ ಹೇರಿಕೊಂಡು ಬರುತ್ತಿದ್ದರು. ಹುಡುಗಿ ಏಣಿ ಹತ್ತುವುದನ್ನು ಮೊದಲು ಒಪ್ಪಲಿಲ್ಲ. ಸಾವಿರ ವ್ಯಾಟಿನ ಸ್ಪಾಟನ್ನು ಉರಿದ ಮೇಲೆ ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ, ಒದ್ದೆಯಿಲ್ಲದ ದಪ್ಪ ಬಟ್ಟೆ ಬೇಕು. ಹೊಸ ಬಲ್ಬಿನ ಗಾಜಿಗೆ ಬೆರಳಿನ ಜಿಡ್ಡು ತಾಗಿದರೆ ಅದೇ ಜಾಗದಲ್ಲಿ ಕಾದು ಒಡೆಯುತ್ತದೆ. ಜೆಲಟಿನ್ ಕಾಗದ ಲೆನ್ಸಿಗೆ ತೀರ ಹತ್ತಿರ ಇಟ್ಟರೆ ನಡುವೆ ಬಣ್ಣ ಸುಟ್ಟು ಬಿಳಿ ಕಣ್ಣು ಮೂಡುತ್ತದೆ. ಇವನ್ನೆಲ್ಲ ಅವರು ಹೇಳುತ್ತಿದ್ದುದು ಬೈಗುಳದ ಜೊತೆಗೇ. ಒಮ್ಮೆ ನಾನು ಒಂದು ದೃಶ್ಯಕ್ಕೆ ಕೆಂಪು, ನೀಲಿ, ಅಂಬರ್ ಎಲ್ಲ ಹಾಕಿ ಖುಷಿಪಡುತ್ತಿದ್ದಾಗ ಹಿಂದೆ ಬಂದು ನಿಂತು, "ಲೈಟು ಕಾಣಬಾರದು ಕಣಮ್ಮ, ಆಳು ಕಾಣಬೇಕು" ಅಂದರು. ಪಾಠ ಮಾಡುವಾಗ ಇವತ್ತಿಗೂ ಸ್ಲೈಡು ತೀರ ಚಂದ ಆಯಿತು ಅನ್ನಿಸಿದರೆ ಆ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತದೆ.

ಡಿಮ್ಮರಿನ ಮುಂದೆ ಕೂತವಳನ್ನು ಯಾರೂ ನೋಡುವುದಿಲ್ಲ. ಆದರೆ ನಾಯಕಿಯ ಕೊನೆಯ ಮಾತು ಮುಗಿದು, ಅವಳು ಉಸಿರೆಳೆದು, ಮುಖ ತಿರುಗಿಸುವ ಹೊತ್ತಿಗೆ ಬೆಳಕು ಇಳಿಯದಿದ್ದರೆ ಇಡೀ ನಾಟಕ ಬಾಯಿಬಿಟ್ಟುಕೊಂಡು ನಿಲ್ಲುತ್ತದೆ. ನನಗೆ ಅವಳ ಉಸಿರು ಗೊತ್ತಿತ್ತು. ನನ್ನ ಕೈ ಇದೆ ಎನ್ನುವುದು ಅವಳಿಗೆ ಗೊತ್ತಿತ್ತು. ನಾವಿಬ್ಬರೂ ಆಪ್ತ ಗೆಳತಿಯರೇನಲ್ಲ, ರಿಹರ್ಸಲ್ ಬಿಟ್ಟರೆ ಹೆಚ್ಚು ಮಾತಿಲ್ಲ. ಸ್ನೇಹಕ್ಕೂ ಇದಕ್ಕೂ ವ್ಯತ್ಯಾಸವಿದೆ. ನನ್ನನ್ನು ಇಷ್ಟಪಡುವವರು ಇರುವ ಜಾಗಕ್ಕಿಂತ, ನಾನು ಬರದಿದ್ದರೆ ಕೆಲಸ ಕೆಡುವ ಜಾಗ ನನಗೆ ಹೆಚ್ಚು ನನ್ನದು ಅನ್ನಿಸಿದೆ. ರಿಹರ್ಸಲ್ ತಡವಾಗಿ ಹಾಸ್ಟೆಲಿಗೆ ಬಂದರೆ ಮೆಸ್ಸು ಮುಚ್ಚಿರುತ್ತಿತ್ತು. ರೂಮಿನ ಹುಡುಗಿಯರು ತಟ್ಟೆಯಲ್ಲಿ ಅನ್ನ ಸಾರು ಹಾಕಿಸಿ ಮೇಲೊಂದು ತಟ್ಟೆ ಮುಚ್ಚಿಟ್ಟಿರುತ್ತಿದ್ದರು. ವಾರ್ಡನ್ ಕೂಗಾಟವನ್ನೂ ಅವರೇ ಮೊದಲು ಕೇಳಿಸಿಕೊಂಡಿರುತ್ತಿದ್ದರು.

ಇಷ್ಟೆಲ್ಲ ಹೇಳಿದೆನೆಂದು, ಪಠ್ಯೇತರ ಚಟುವಟಿಕೆ ಮಾಡಿದರೆ ಕೆಲಸ ಸಿಗುತ್ತದೆ ಎಂದು ಮಕ್ಕಳಿಗೆ ಹೇಳುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಎನ್‌ಸಿಸಿಯ ವಿಷಯ ಬೇರೆ. 1948ರ ಕಾಯ್ದೆಯಿಂದ ಬಂದ ಆ ಸಂಸ್ಥೆಯ 'ಸಿ' ಸರ್ಟಿಫಿಕೇಟಿಗೆ ಸೇನೆಗೆ ಸೇರುವ ದಾರಿಯಲ್ಲಿ ನಿಜವಾದ ಬೆಲೆಯಿದೆ. ಪೊಲೀಸು, ಮಿಲಿಟರಿ ಎಂದು ಕನಸು ಕಾಣುವ ಮಂಡ್ಯದ ಹುಡುಗರಿಗೆ ಅದು ಗೊತ್ತಿದೆ. ನನಗೆ ಕೆಲಸ ಕೊಟ್ಟದ್ದು ಪರೀಕ್ಷೆ, ಪರೀಕ್ಷೆಗೆ ಓದಿದ ರಾತ್ರಿಗಳು. ಹಿಟ್ಟಿನ ಕೋಲೂ ಅಲ್ಲ, ಡಿಮ್ಮರೂ ಅಲ್ಲ. ಸಂದರ್ಶನದಲ್ಲಿ ಎನ್‌ಎಸ್‌ಎಸ್ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಆದರೆ ಆ ಕೋಣೆಯಲ್ಲಿ ಕೂತಾಗ ಧ್ವನಿ ನಡುಗಲಿಲ್ಲ. ಲೆಕ್ಕ ಅಷ್ಟೇ.

ಈಗ ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಎನ್‌ಎಸ್‌ಎಸ್ ಘಟಕವೂ ನನ್ನ ಕೈಯಲ್ಲಿದೆ. ಬಸ್ಸಿನ ಕಥೆ ಹೆಚ್ಚು ಬದಲಾಗಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು, ಅದು ಸಣ್ಣ ವಿಷಯವಲ್ಲ. ಆದರೆ ಒಳಗಿನ ಹಳ್ಳಿಗಳಿಗೆ ಹೋಗುವ ಸಂಜೆಯ ಬಸ್ಸು ಒಂದೇ. ಅದು ತಪ್ಪಿದರೆ ಬಿಟ್ಟಿ ಟಿಕೆಟ್ಟು ಇಟ್ಟುಕೊಂಡು ಏನು ಮಾಡುವುದು? ಹುಡುಗರಿಗೆ ಬೇರೆ ಕಟ್ಟುಪಾಡು. ಪೆಟ್ರೋಲ್ ಬಂಕು, ಬಟ್ಟೆ ಅಂಗಡಿ, ಮೊಬೈಲ್ ಶಾಪು, ಸುಗ್ಗಿಯಲ್ಲಿ ಆಲೆಮನೆ. ನಾಲ್ಕಕ್ಕೆ ಕಾಲೇಜು ಬಿಟ್ಟರೆ ಐದಕ್ಕೆ ಕೆಲಸಕ್ಕೆ ಹಾಜರು. ಇವರನ್ನು ನಾವು ಸ್ಟಾಫ್ ರೂಮಿನಲ್ಲಿ "ಯಾವುದರಲ್ಲೂ ಆಸಕ್ತಿ ಇಲ್ಲದ ಮಕ್ಕಳು" ಎನ್ನುತ್ತೇವೆ.

ಈಗಿನ ಇನ್ನೊಂದು ಗಲಾಟೆ ಸರ್ಟಿಫಿಕೇಟು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವರ್ಷವಂತೂ ಪ್ರತಿ ಕಾರ್ಯಕ್ರಮಕ್ಕೂ ಬ್ಯಾನರ್, ಜಿಪಿಎಸ್ ಇರುವ ಫೋಟೋ, ಸಹಿ ಹಾಕಿದ ಹಾಜರಾತಿ ಪಟ್ಟಿ. ಗಿಡ ನೆಡುವಾಗ ಗಿಡದ ಸುತ್ತ ನಿಲ್ಲುವವರೇ ಹೆಚ್ಚು, ನೀರು ಹಾಕುವವರಿಗೆ ದಾರಿಯೇ ಇರುವುದಿಲ್ಲ. ಆದರೂ ಸರ್ಟಿಫಿಕೇಟಿಗಾಗಿ ಬರುವ ಮಕ್ಕಳನ್ನು ನಾನು ಹಂಗಿಸುವುದಿಲ್ಲ. ನಾನು ಬಂದದ್ದೂ ರೈಲಿನ ಟೈಮಿಗೆ ಹೊಂದಿತು ಎಂಬ ಕಾರಣಕ್ಕೆ. ಯಾವ ಕಾರಣಕ್ಕಾದರೂ ಒಳಗೆ ಬರಲಿ, ಬಂದವರ ಕೈಗೆ ಬೇಗ ಒಂದು ಕೆಲಸ ಕೊಡಬೇಕು, ಅದೂ ನಿಜವಾದ ಕೆಲಸ. ಸ್ಟೋರ್ ರೂಮಿನ ಬೀಗದ ಕೈ, ಅಡುಗೆ ಸಾಮಾನಿನ ಲೆಕ್ಕ, ಮೈಕಿನವರಿಗೆ ಫೋನು. ಸುಮ್ಮನೆ ಸಾಲಿನಲ್ಲಿ ನಿಲ್ಲಿಸಿದ ಮಗು ಎರಡನೇ ವಾರ ಬರುವುದಿಲ್ಲ. ಕಳೆದ ವರ್ಷ ಬೀಗದ ಕೈ ಇಟ್ಟುಕೊಂಡ ಹುಡುಗ ಪೆಟ್ರೋಲ್ ಬಂಕಿನಲ್ಲಿ ಪಾಳಿ ಬದಲಾಯಿಸಿಕೊಂಡು ಬರತೊಡಗಿದ. ಮಾಲೀಕರ ಹತ್ತಿರ ತಾನೇ ಮಾತಾಡಿಕೊಂಡನಂತೆ.

ಈ ವರ್ಷ ನಾನು ಹಿಡಿದಿರುವ ಹಟ ಒಂದೇ. ಬುಧವಾರದ ಕೊನೆಯ ಎರಡು ಪೀರಿಯಡ್ಡು ಟೈಮ್ ಟೇಬಲ್ಲಿನಲ್ಲೇ ಚಟುವಟಿಕೆಗೆ ಬಿಡಬೇಕು; ನಾಟಕ, ಆಟ, ಎನ್‌ಎಸ್‌ಎಸ್, ಚರ್ಚೆ ಎಲ್ಲ ಬಸ್ಸಿಗೆ ಮುಂಚೆಯೇ ಮುಗಿಯಬೇಕು. ಪ್ರಾಂಶುಪಾಲರು ತಲೆಯಾಡಿಸಿದ್ದಾರೆ. ಗಣಿತದ ಮೇಡಂ ಒಪ್ಪಿಲ್ಲ. "ನಿಮ್ಮ ಕುಣಿತಕ್ಕೆ ನನ್ನ ಸಿಲಬಸ್ ಯಾಕೆ ಬಲಿ ಕೊಡ್ಲಿ, ಫೇಲಾದ್ರೆ ಅವರಪ್ಪ ಅಮ್ಮ ಕೇಳೋದು ನನ್ನನ್ನ" ಅನ್ನುತ್ತಾರೆ. ಅವರ ಮಾತಲ್ಲೂ ಹುರುಳಿದೆ, ಅವರ ವಿಷಯದಲ್ಲಿ ಫೇಲಾಗುವವರೂ ಅದೇ ಬಸ್ಸಿನ ಮಕ್ಕಳೇ. ಬುಧವಾರದ ಬದಲು ಶುಕ್ರವಾರ, ಎರಡರ ಬದಲು ಒಂದೂವರೆ ಪೀರಿಯಡ್ಡು, ಅದಕ್ಕೆ ಬದಲಾಗಿ ಪರೀಕ್ಷೆಗೆ ಮುಂಚಿನ ತಿಂಗಳು ಎನ್‌ಎಸ್‌ಎಸ್ ತರಗತಿ ಅವರಿಗೆ ಎಂಬಲ್ಲಿಗೆ ಮಾತು ಬಂದು ನಿಂತಿದೆ. ಸೋಮವಾರ ಮತ್ತೆ ಕೂರುತ್ತೇವೆ.